ಬೀಟೆ ನಮ್ಮದು, ಗಿಟಾರಿನ ಹೆಸರು ಯಾರದು?

ಸೊರಬದ ಗುಡಿಗಾರನ ಉಳಿಗೂ ಲಂಡನ್ನಿನ ವೇದಿಕೆಯಲ್ಲಿ ಮೊಳಗುವ ವಿದ್ಯುತ್ ಗಿಟಾರಿಗೂ ಏನು ನಂಟು ಎಂದು ಕೇಳಿದರೆ ಹಲವರು ನಕ್ಕಾರು. ಆದರೆ ನಂಟು ಉಂಟು. ಅದು ಮರದ ನಂಟು. ಗಿಟಾರಿನ ದಂಡಿಯ ಮೇಲೆ, ವಾದಕನ ಬೆರಳುಗಳು ಓಡಾಡುವ ಕಡೆ, ನಸುಗೆಂಪು ಬೆರೆತ ಕಪ್ಪು ಬಣ್ಣದ ನುಣುಪಾದ ಹಲಗೆಯೊಂದನ್ನು ಅಂಟಿಸಿರುತ್ತಾರೆ. ಲೋಕದ ಎಷ್ಟೋ ಗಿಟಾರುಗಳಲ್ಲಿ ಆ ಹಲಗೆ ದಕ್ಷಿಣ ಭಾರತದ ಬೀಟೆಯದು. ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಬೆಳೆಯುವ, ನಮ್ಮ ಅಜ್ಜಂದಿರ ಮನೆಗಳಲ್ಲಿ ಮಂಚವಾಗಿಯೂ ಪೆಟ್ಟಿಗೆಯಾಗಿಯೂ ನಿಂತಿರುವ ಮರವೇ ಅದು.

ಅಮೆರಿಕದ ಮಾರ್ಟಿನ್ ಕಂಪನಿ 1833ರಲ್ಲಿ ಹುಟ್ಟಿದ ಹಳೆಯ ಗಿಟಾರು ಮನೆ. ಬಹುಕಾಲ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದ ಈ ಕಂಪನಿ, ಅದು ದೊರೆಯುವುದು ಕಷ್ಟವಾದಾಗ 1969ರಲ್ಲಿ ಭಾರತದ ಬೀಟೆಯ ಕಡೆಗೆ ತಿರುಗಿತು. ಉಳಿದವರೂ ಹಾಗೆಯೇ ಮಾಡಿದರು. ಅಂದಿನಿಂದ ನಮ್ಮ ಮರ ಕಡಲು ದಾಟಿ ಹೋಗಿ, ಬೇರೆಯವರ ಹೆಸರು ಹೊತ್ತು, ಹಲವು ಪಟ್ಟು ಬೆಲೆಯೊಡನೆ ನಮ್ಮ ಪಟ್ಟಣಗಳ ಅಂಗಡಿಗಳಿಗೇ ಹಿಂದಿರುಗಿ ಬರುತ್ತಿದೆ. ಹಾಗಾದರೆ ಮರವಿರುವಲ್ಲಿಯೇ, ಕೆತ್ತುವ ಕೈಗಳಿರುವಲ್ಲಿಯೇ, ಶಿಕಾರಿಪುರದಲ್ಲಿಯೋ ಸೊರಬದಲ್ಲಿಯೋ, ಗಿಟಾರಿನ ಒಂದು ಚಿಕ್ಕ ಕಾರ್ಖಾನೆ ಏಳಬಾರದೇಕೆ? ಸ್ವಂತ ಹೆಸರಿನಿಂದ ವಾದ್ಯವನ್ನು ಲೋಕಕ್ಕೆ ಕೊಡಬೇಕಾದರೆ ಏನೇನು ಬೇಕು? ಮಗನೋ ಮಗಳೋ ಇಂಥ ಹಂಬಲವನ್ನು ಮನೆಯಲ್ಲಿ ಹೇಳಿಕೊಂಡರೆ ತಾಯಿತಂದೆಗಳು ಗದರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಕೆಲವು ಉಂಟು.

ನುಡಿಸಲು ಬಾರದವನ ಗಿಟಾರು

ಈ ಉದ್ಯಮದ ಇತಿಹಾಸ ದೊಡ್ಡ ಬಂಡವಾಳದಿಂದ ಆರಂಭವಾದುದಲ್ಲ. ಲಿಯೋ ಫೆಂಡರ್ ಎಂಬಾತ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯೊಂದನ್ನು ತೆರೆದ. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆದರೆ ಅಂಗಡಿಗೆ ಬರುತ್ತಿದ್ದ ವಾದಕರ ದೂರುಗಳನ್ನು ಅವನು ಕಿವಿಗೊಟ್ಟು ಕೇಳುತ್ತಿದ್ದ. ಪೊಳ್ಳು ಒಡಲಿನ ಗಿಟಾರಿಗೆ ವಿದ್ಯುತ್ತನ್ನು ಜೋಡಿಸಿ ಧ್ವನಿ ಏರಿಸಿದರೆ ಒಡಲೇ ಕಂಪಿಸಿ ಊಳಿಡುತ್ತಿತ್ತು. ಒಡಲು ಗಟ್ಟಿ ಹಲಗೆಯಾದರೆ ಈ ಕಾಟ ತಗ್ಗುತ್ತದೆ. 1950ರಲ್ಲಿ ಅವನು ಗಟ್ಟಿ ಒಡಲಿನ ಗಿಟಾರನ್ನು ಮಾರುಕಟ್ಟೆಗೆ ತಂದ. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂದಿತು. 1965ರಲ್ಲಿ ಆ ಕಂಪನಿಯನ್ನು ಅವನು ಮಾರಿದಾಗ ದೊರೆತ ಹಣ 1 ಕೋಟಿ 30 ಲಕ್ಷ ಡಾಲರು.

ಇಂಗ್ಲೆಂಡಿನಲ್ಲಿ ಇದಕ್ಕಿಂತಲೂ ಮನೆಮಾತಿನಂಥ ಒಂದು ಕಥೆ ನಡೆಯಿತು. ಬ್ರಿಯಾನ್ ಮೇ ಎಂಬ ಹುಡುಗನಿಗೆ ಗಿಟಾರು ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. 1963ರಲ್ಲಿ ಅವನೂ ಅವನ ತಂದೆಯೂ ಕೂಡಿ, ಹಳೆಯ ಅಗ್ಗಿಷ್ಟಿಕೆಯ ಮರದ ಚೌಕಟ್ಟಿನಿಂದ ದಂಡಿಯನ್ನೂ ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳಿಂದ ತಂತಿ ಸಡಿಲಿಸುವ ಸಾಧನವನ್ನೂ ಮಾಡಿ, ಮನೆಯಲ್ಲಿಯೇ ವಾದ್ಯ ಕಟ್ಟಿದರು. ಮುಂದೆ 'ಕ್ವೀನ್' ತಂಡದ ವಾದಕನಾಗಿ ಪ್ರಸಿದ್ಧನಾದ ಮೇಲೂ ಅವನು ನುಡಿಸಿದ್ದು ಅದೇ ಗಿಟಾರನ್ನು. ತಂದೆ ಮಕ್ಕಳು ಜೊತೆಗೆ ಕುಳಿತು ಮಾಡಿದ ಕೆಲಸ ಎಲ್ಲಿಯವರೆಗೆ ಹೋಗಬಲ್ಲುದು ನೋಡಿ!

ನಮ್ಮ ಕರ್ನಾಟಕದಲ್ಲಿಯೂ ಇಂಥ ನಿದರ್ಶನವುಂಟು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಇಂಜಿನಿಯರು, ಸ್ವತಃ ಕೊಳಲುವಾದಕರು. ಕಚೇರಿಗೆ ತಂಬೂರಿ ಮೀಟುವವರು ದೊರೆಯದ ಕಷ್ಟವನ್ನು ಕಲಾವಿದರೆಲ್ಲ ಬಲ್ಲರು. 1979ರಲ್ಲಿ ಅವರು ವಿದ್ಯುನ್ಮಾನ ತಂಬೂರಿಯನ್ನು ಲೋಕದ ಮುಂದಿಟ್ಟರು. 'ರಾಡೆಲ್' ಎಂಬ ಹೆಸರು ಹೀಗೆ ಹುಟ್ಟಿ ಇಂದು ಎಷ್ಟೋ ಸಂಗೀತದ ಮನೆಗಳಲ್ಲಿ ನೆಲೆಸಿದೆ. ವಿದ್ಯುನ್ಮಾನ ವೀಣೆಯೂ ಅದೇ ಹೆಸರಿನಲ್ಲಿ ಬಂದಿದೆ. ಒಬ್ಬನು ಕಿವಿಯಿಂದ ಕಲಿತ, ಇನ್ನೊಬ್ಬನು ಬಡತನದಿಂದ ಕಲಿತ, ಮತ್ತೊಬ್ಬರು ಸ್ವಂತ ಸಾಧನೆಯಿಂದ ಕಲಿತರು. ಆದರೆ ಮೂವರೂ ಹೊರಟದ್ದು ವಾದಕನ ಒಂದು ಕೊರತೆಯಿಂದ, ಹಣದ ಥೈಲಿಯಿಂದಲ್ಲ.

ಕೈಗಳು ಇವೆ, ಕೆಲಸ ಬೇಕು

ಸೊರಬ, ಸಾಗರಗಳ ಗುಡಿಗಾರರ ಕೆತ್ತನೆಯ ಕೀರ್ತಿ ಹಳೆಯದು. ಶ್ರೀಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈಯಗಲದಲ್ಲಿ ಒಂದು ಕಾಡನ್ನೇ ಬಿಡಿಸಬಲ್ಲ ಕೈ ಅವರದು. ಮದುವೆಯ ಬಾಸಿಂಗಕ್ಕೆ ಬೆಂಡನ್ನು ಹೂವಾಗಿ ಕತ್ತರಿಸುವುದೂ ಅದೇ ಕೈ. ಆದರೆ ಶ್ರೀಗಂಧ ಈಗ ಎಲ್ಲಿದೆ? 2001ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೆ ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಆದುದರಿಂದ ಬೆಳೆಸುವ ಉತ್ಸಾಹ ಯಾರಿಗೂ ಇರಲಿಲ್ಲ. ಕಳ್ಳರ ಕೊಡಲಿ ಮಾತ್ರ ಬಿಡುವಿಲ್ಲದೆ ದುಡಿಯಿತು. ಮರ ವಿರಳವಾದಂತೆ ಕುಶಲಿಗಳು ಶಿವನಿ ಮೊದಲಾದ ಮರಗಳ ಕಡೆಗೆ ತಿರುಗಿದರು. ಗಂಧದ ಪರಿಮಳವಿಲ್ಲದ ಗೊಂಬೆಗೆ ಗಂಧದ ಬೆಲೆ ಬಾರದು. ಹೀಗೆ ಒಂದು ವಿದ್ಯೆ ತನ್ನ ಮರವನ್ನು ಕಳೆದುಕೊಂಡು ನಿಂತಿರುವಾಗ, ಬೇರೊಂದು ಮರದ ಮೇಲೆ ಬೇರೊಂದು ಕೆಲಸವನ್ನು ಅದಕ್ಕೆ ತೋರಿಸುವುದು ಬರಿಯ ವಿನೋದದ ಮಾತಲ್ಲ.

ಈ ಸೀಮೆಗೆ ವಾದ್ಯ ಹೊಸದೂ ಅಲ್ಲ. ಶಿಕಾರಿಪುರದ ಬಳಿಯ ಬಳ್ಳಿಗಾವಿ ಒಂದು ಕಾಲದಲ್ಲಿ ಗುಡಿಗಳ, ಮಠಗಳ, ಕಲಾವಿದರ ರಾಜಧಾನಿ. ಹರಿಹರನ ರಗಳೆಯಲ್ಲಿ ಬರುವ ಅಲ್ಲಮನು ಅಲ್ಲಿಯ ಗುಡಿಯ ಮದ್ದಳೆಕಾರ. ಮದ್ದಳೆಯ ಊರಿನಲ್ಲಿ ಗಿಟಾರಿನ ಒಡಲು ಸಿದ್ಧವಾದರೆ ಅದನ್ನು ಪರದೇಶಿ ಎಂದು ದೂರುವವರಾರು?

ನೂರಮೂವತ್ತು ಗ್ರಾಮಿನ ಲೆಕ್ಕ

ಗಿಟಾರಿನ ಬೆರಳು ಹಲಗೆ ಸುಮಾರು 46 ಸೆಂಟಿಮೀಟರು ಉದ್ದ, ಐದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ, 6 ಮಿಲಿಮೀಟರು ದಪ್ಪ. ತೂಗಿದರೆ ಹೆಚ್ಚುಕಡಿಮೆ 130 ಗ್ರಾಂ. ಒಂದು ಘನ ಅಡಿ ಬೀಟೆಯಲ್ಲಿ ಅರ್ಧದಷ್ಟು ಗರಗಸದ ಹೊಟ್ಟಾಗಿ ಹೋದರೂ 90 ಹಲಗೆಗಳು ಬರುತ್ತವೆ. ಒಬ್ಬ ಕುಶಲಿ ತಿಂಗಳಿಗೆ ಎರಡು ಗಿಟಾರುಗಳನ್ನು ಕಟ್ಟಿದರೆ ವರ್ಷಕ್ಕೆ 24. ಒಂದೇ ಘನ ಅಡಿ ಮರ ಅವನಿಗೆ ನಾಲ್ಕು ವರ್ಷಕ್ಕೆ ಸಮೀಪ ಬಾಳುತ್ತದೆ! ಅದೇ ಮರದಿಂದ ಒಂದು ಕುರ್ಚಿ ಮಾಡಿದರೆ ಒಂದೇ ವಾರದಲ್ಲಿ ಮುಗಿದೀತು. ಕಾಡನ್ನು ಉಳಿಸಿಕೊಂಡು ಮನೆ ನಡೆಸುವ ದಾರಿ ಬೇಕಾದರೆ ಇಂಥ ಕಸುಬೇ ಬೇಕು. ಇಲ್ಲಿ ಬೆಲೆ ಮರದ ಗಾತ್ರಕ್ಕಲ್ಲ, ಕೈಯ ಕೆಲಸಕ್ಕೆ.

ಒಡಲಿಗೆ ಬೀಟೆ ಬೇಡ, ಅದು ಭಾರವಾದೀತು. ಕೊರಳಿಗೆ ಪಟ್ಟಿ ಹಾಕಿಕೊಂಡು ಮೂರು ಗಂಟೆ ನಿಲ್ಲುವ ವಾದಕನಿಗೆ ಗಿಟಾರು ಮೂರೂವರೆ ಕಿಲೋ ಮೀರಿದರೆ ಹೆಗಲು ನೋಯುತ್ತದೆ. ಸುಮಾರು 45 ಮಿಲಿಮೀಟರು ದಪ್ಪದ ಹಗುರ ಹಲಗೆ ಸಾಕು. ಗುಡಿಗಾರರು ಬಲ್ಲ ಶಿವನಿಯೇ ಇದಕ್ಕೆ ತಕ್ಕುದು: ಹಗುರ, ಉಳಿಗೆ ಮೃದು, ಸುಲಭವಾಗಿ ಸೊಟ್ಟಗಾಗದು. ಹಲಸೂ ಆದೀತು, ವೀಣೆಯವರು ಅದನ್ನು ತಲೆಮಾರುಗಳಿಂದ ನಂಬಿದ್ದಾರೆ.

ಮೇಣವಿಲ್ಲದ ಮೆಟ್ಟಿಲು

ಆದರೆ ಕೆತ್ತಲು ಬಲ್ಲ ಮಾತ್ರಕ್ಕೆ ವಾದ್ಯ ಮಾಡಲು ಬಲ್ಲರೆಂದಲ್ಲ. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಸ್ವರ ತಪ್ಪಿದರೆ ಮೇಣ ಕಾಯಿಸಿ, ಮೆಟ್ಟಿಲು ಸರಿಸಿ, ಮತ್ತೆ ಮೇಳ ಕಟ್ಟಬಹುದು. ಗಿಟಾರಿನಲ್ಲಿ ಈ ಕ್ಷಮೆಯಿಲ್ಲ. ಬೀಟೆಯ ಹಲಗೆಯಲ್ಲಿ ಗರಗಸದಿಂದ ಗೀರಿ, ಲೋಹದ ಮೆಟ್ಟಿಲನ್ನು ಬಡಿದು ಕೂರಿಸಿದರೆ ಅದು ಅಲ್ಲಿಯೇ ಇರತಕ್ಕದ್ದು. ಆದುದರಿಂದ ಕಿವಿಗೆ ಮೊದಲು ಗಣಿತ ಬೇಕು.

ಗಣಿತ ಕಷ್ಟದ್ದೇನೂ ಅಲ್ಲ. ಹೈಸ್ಕೂಲು ಹುಡುಗಿಯೂ ಮಾಡಬಲ್ಲಳು. ಮೇಲಿನ ಗಟ್ಟದಿಂದ ಕುದುರೆಯವರೆಗೆ ತಂತಿಯ ಉದ್ದ 648 ಮಿಲಿಮೀಟರು ಎಂದಿಟ್ಟುಕೊಳ್ಳಿ. ಫೆಂಡರ್ ಗಿಟಾರುಗಳ ಅಳತೆ ಇದೇ. ಅದನ್ನು 17.817ರಿಂದ ಭಾಗಿಸಿದರೆ 36.37 ಬರುತ್ತದೆ. ಅದು ಮೊದಲ ಮೆಟ್ಟಿಲಿನ ಸ್ಥಾನ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.33, ಅಷ್ಟು ಮುಂದೆ ಎರಡನೆಯದು. ಹೀಗೆ ನಡೆದು ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ನಡುವೆ, 324ರಲ್ಲಿ, ಬಂದು ನಿಲ್ಲುತ್ತದೆ, ಅಲ್ಲಿ ತಾರಸ್ಥಾಯಿ. ಮೇಲುಮೇಲಿನ ಮೆಟ್ಟಿಲುಗಳಲ್ಲಿ ಒಂದೇ ಒಂದು ಮಿಲಿಮೀಟರು ತಪ್ಪಿದರೂ ಪಳಗಿದ ಕಿವಿ ಅದನ್ನು ಹಿಡಿದುಬಿಡುತ್ತದೆ. ಗೊಂಬೆಯ ಮೂಗು ಕೂದಲೆಳೆಯಷ್ಟು ಓರೆಯಾದರೆ ಭಕ್ತನು ಕೈಮುಗಿಯುತ್ತಾನೆ; ಮೆಟ್ಟಿಲು ಓರೆಯಾದರೆ ವಾದಕನು ವಾದ್ಯವನ್ನು ಹಿಂದಿರುಗಿಸುತ್ತಾನೆ.

ಮಲೆನಾಡಿನ ಮಳೆ ಎಂಬ ಪರೀಕ್ಷಕ

ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ದಂಡಿಯ ಮೇಲೆ ಬೀಳುವ ಎಳೆತ ಸುಮಾರು 45 ಕಿಲೋ. ಸಿಮೆಂಟಿನ ಮೂಟೆಯೊಂದು ಹಗಲಿರುಳು ದಂಡಿಗೆ ತೂಗುಬಿದ್ದಂತೆ! ಫೆಂಡರನು 1950ರ ಮೊದಲ ಗಿಟಾರುಗಳಲ್ಲಿ ದಂಡಿಯೊಳಗೆ ಉಕ್ಕಿನ ಸರಳನ್ನು ಇಟ್ಟಿರಲಿಲ್ಲ. ಗಟ್ಟಿ ಮರವಲ್ಲವೇ ಎಂಬ ಭರವಸೆ. ದಂಡಿಗಳು ಬಿಲ್ಲಿನಂತೆ ಬಾಗಿದುವು. ಬಳಿಕ ಸರಳನ್ನು ಸೇರಿಸಿದ. ಗಿಬ್ಸನ್ ಕಂಪನಿಯವರಿಗೆ ಈ ಉಪಾಯ 1920ರ ದಶಕದಲ್ಲಿಯೇ ತಿಳಿದಿತ್ತು.

ಸರಳಿಗಿಂತ ಕಷ್ಟದ ವಿಷಯ ತೇವ. ಆಷಾಢದಲ್ಲಿ ನಮ್ಮ ಕಡೆ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಚೈತ್ರದಲ್ಲಿ ಅವೇ ಬಾಗಿಲುಗಳ ಸಂದಿಯಲ್ಲಿ ಬೆಳಕು ಕಾಣುತ್ತದೆ. ಮರ ಉಸಿರಾಡುವುದೆಂದರೆ ಇದೇ. ಸೊರಬದ ಮಳೆಗಾಲದಲ್ಲಿ ಉಬ್ಬಿದ ಹಲಗೆಗೆ ಮೆಟ್ಟಿಲು ಕೂರಿಸಿ, ಆ ಗಿಟಾರನ್ನು ಚಳಿದೇಶದ ಬೆಚ್ಚನೆಯ ಒಣ ಕೋಣೆಗೆ ಕಳುಹಿಸಿದರೆ ಹಲಗೆ ಕುಗ್ಗುತ್ತದೆ, ಲೋಹ ಕುಗ್ಗದು. ಮೆಟ್ಟಿಲಿನ ತುದಿಗಳು ಮುಳ್ಳಿನಂತೆ ಹೊರಚಾಚಿ ವಾದಕನ ಅಂಗೈಯನ್ನು ಗೀರುತ್ತವೆ. ಆದುದರಿಂದ ಮರವನ್ನು ಹದವಾಗಿ ಒಣಗಿಸಿ, ಅದರಲ್ಲಿನ ನೀರಿನ ಅಂಶ ನೂರಕ್ಕೆ ಆರೆಂಟು ಭಾಗಕ್ಕೆ ಇಳಿದ ಮೇಲೆಯೇ ಉಳಿ ಹಿಡಿಯಬೇಕು. ವರ್ಷವಿಡೀ ಗಾಳಿಯ ತೇವ ಒಂದೇ ಮಟ್ಟದಲ್ಲಿರುವ ಮುಚ್ಚಿದ ಕೋಣೆಯೊಂದು ಬೇಕು. ಶಿಕಾರಿಪುರದ ಕಾರ್ಖಾನೆಯ ಮೊದಲ ಖರ್ಚು ಯಂತ್ರಕ್ಕಲ್ಲ, ಈ ಕೋಣೆಗೆ. ಅಲ್ಲಿ ಕೈಬಿಗಿಹಿಡಿದವರ ಹೆಸರು ಒಂದು ಮಳೆಗಾಲದಲ್ಲಿಯೇ ಕೊಚ್ಚಿಹೋದೀತು.

ಒಂದು ಕಿಲೋಮೀಟರು ತಂತಿಯ ದಾರ

ವಿದ್ಯುತ್ ಗಿಟಾರಿನ ಕೊರಳು ಇರುವುದು ತಂತಿಗಳ ಕೆಳಗಿನ ಚಿಕ್ಕ ಸುರುಳಿಯಲ್ಲಿ. ಅಯಸ್ಕಾಂತದ ಆರು ಗುಂಡುಕಡ್ಡಿಗಳ ಸುತ್ತ, ಕೂದಲಿನಂಥ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರು! ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತಾರೆ. ಸುತ್ತು ಹೆಚ್ಚಾದರೆ ದನಿ ದಪ್ಪ, ಕಡಿಮೆಯಾದರೆ ತೆಳುವಾದ ಹೊಳಪು. ಎಳೆ ಬಿಗಿಯಾಯಿತೇ ಸಡಿಲಾಯಿತೇ ಎಂಬುದೂ ದನಿಯಲ್ಲಿ ಕೇಳುತ್ತದೆ.

ಈ ಕೆಲಸದಲ್ಲಿ ಲೋಕಪ್ರಸಿದ್ಧಿ ಪಡೆದವಳು ಒಬ್ಬ ಹೆಣ್ಣುಮಗಳು ಎಂಬುದು ನಮ್ಮ ವಾಚಕಿಯರಿಗೆ ಸಂತೋಷದ ಸಂಗತಿ. 1956ರಲ್ಲಿ ಫೆಂಡರ್ ಕಾರ್ಖಾನೆಗೆ ಕೂಲಿಗೆ ಸೇರಿದ ಅಬಿಗೇಲ್ ಇಬಾರಾ ಸುತ್ತಿದ ಸುರುಳಿಗಳನ್ನು ವಾದಕರು ಹೆಸರು ಹೇಳಿ ಕೇಳಿ ಪಡೆಯುತ್ತಿದ್ದರು. ಬಾಸಿಂಗದ ನವುರಾದ ಕೆಲಸಕ್ಕೆ ಪಳಗಿದ ನಮ್ಮ ಮನೆಗಳ ಬೆರಳುಗಳಿಗೆ ಇದು ಅಸಾಧ್ಯವೇ?

ಗುರುತಿನ ಗೊಂದಲ

ವಾದ್ಯ ಸಿದ್ಧವಾಯಿತು, ಇನ್ನು ಹೆಸರು. ಬೇರೆಯವರ ಪ್ರಸಿದ್ಧ ಹೆಸರಿನಲ್ಲಿ ಒಂದಕ್ಷರ ಬದಲಾಯಿಸಿ ಅಂಟಿಸುವ ಚಪಲ ನಮ್ಮ ದೇಶದಲ್ಲಿ ಬಹಳ. ಅದು ಒಂದು ದಿನದ ವ್ಯಾಪಾರ. ತಿಳಿಯದೆ ಆದ ಹೋಲಿಕೆಯೂ ತೊಂದರೆ ತರುತ್ತದೆ. ಫೆಂಡರನು 1950ರಲ್ಲಿ ತನ್ನ ಗಿಟಾರಿಗೆ 'ಬ್ರಾಡ್‌ಕಾಸ್ಟರ್' ಎಂದು ಹೆಸರಿಟ್ಟ. ಹೆಚ್ಚುಕಡಿಮೆ ಅದೇ ಹೆಸರಿನಿಂದ ಗ್ರೆಶ್ ಕಂಪನಿ ಡ್ರಮ್ಮುಗಳನ್ನು ಮಾರುತ್ತಿತ್ತು, ಆಕ್ಷೇಪಣೆ ಬಂದಿತು. ಫೆಂಡರನ ಕೆಲಸಗಾರರು ಅಚ್ಚಾಗಿದ್ದ ಚೀಟಿಗಳಿಂದ ಆ ಹೆಸರನ್ನು ಕತ್ತರಿಸಿಹಾಕಿ, ಕೆಲವು ತಿಂಗಳು ಹೆಸರಿಲ್ಲದ ಗಿಟಾರುಗಳನ್ನೇ ಮಾರಬೇಕಾಯಿತು. 1951ರಲ್ಲಿ 'ಟೆಲಿಕಾಸ್ಟರ್' ಎಂಬ ಹೊಸ ಹೆಸರು ಬಂದಿತು.

ನಮ್ಮವರಿಗೆ ಗುರುತು ಬೇಕಾದರೆ ಬಳ್ಳಿಗಾವಿಯತ್ತ ಕಣ್ಣು ಹೋಗುವುದು ಸಹಜ. ಅಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬವುಂಟು. ಅದರ ತುದಿಯಲ್ಲಿ ಗಂಡಭೇರುಂಡ. ಎಷ್ಟು ಸೊಗಸಾದ ಗುರುತು! ಆದರೆ ನಿಲ್ಲಿ, ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಗಂಡಭೇರುಂಡವೇ ಇದೆ. ಸರ್ಕಾರದ ಲಾಂಛನವನ್ನಾಗಲಿ ಅದನ್ನು ಹೋಲುವ ಚಿತ್ರವನ್ನಾಗಲಿ ವ್ಯಾಪಾರದ ಗುರುತಾಗಿ ಬಳಸುವುದಕ್ಕೆ 1950ರ ಕಾಯಿದೆ ಅಡ್ಡಬರುತ್ತದೆ. ಬೇರೆ ಗುರುತು ಹುಡುಕಿ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಂತೆ ವಾದ್ಯಗಳಿಗೆ ಮೀಸಲಾದ 15ನೆಯ ವರ್ಗದಲ್ಲಿ ನೋಂದಾಯಿಸತಕ್ಕದ್ದು. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಗಿಟಾರಿನ ತಲೆಯ ಆಕಾರ ಮಾತ್ರ ಸ್ವಂತದ್ದಾಗಿರಲೇಬೇಕು. ದೊಡ್ಡ ಕಂಪನಿಗಳು ತಮ್ಮ ತಲೆಯ ಆಕಾರವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತವೆ. ಗುಡಿಗಾರನ ಬಳ್ಳಿಯೊಂದು ಅಲ್ಲಿ ಸುರುಳಿ ಬಿಚ್ಚಿದರೆ ದೂರದಿಂದಲೇ ಗುರುತು ಸಿಕ್ಕೀತು.

ಕಾಗದವಿಲ್ಲದ ಮರ ಬೇಡ

ಬೀಟೆಗೆ ಕಾನೂನಿನ ಕಾವಲು ಬಿಗಿಯಾದುದು. ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2017ರ ಜನವರಿ 2ರಂದು ಬೀಟೆಯ ಕುಲವೆಲ್ಲ ಸೇರಿತು. ಗಿಟಾರು ಹಿಡಿದು ಗಡಿ ದಾಟುವವರೆಲ್ಲ ಕಾಗದಪತ್ರಕ್ಕಾಗಿ ಪರದಾಡಿದರು. 2019ರ ನವೆಂಬರ್ 26ರಿಂದ ಪೂರ್ತಿ ಸಿದ್ಧವಾದ ವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ವಿನಾಯಿತಿ ದೊರೆಯಿತು. ಇದರ ಒಳಾರ್ಥವನ್ನು ಗಮನಿಸಿ: ಮರವನ್ನು ಮರವಾಗಿ ಮಾರುವವನಿಗೆ ತಡೆ ಹೆಚ್ಚು, ವಾದ್ಯವಾಗಿ ಮಾರುವವನಿಗೆ ದಾರಿ ಸಲೀಸು.

ದೊಡ್ಡವರೂ ಇಲ್ಲಿ ಎಡವಿದ್ದುಂಟು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಯನ್ನು ಶೋಧಿಸಿ ಭಾರತದಿಂದ ಹೋದ ಮರವನ್ನು ವಶಪಡಿಸಿಕೊಂಡರು. ಹೋದದ್ದು ಸಿದ್ಧ ವಸ್ತುವೋ ಬರಿಯ ಕೊಯ್ದ ಹಲಗೆಯೋ ಎಂಬುದೇ ಚರ್ಚೆಯಾಯಿತು. ಮರುವರ್ಷ ಒಪ್ಪಂದವಾಗಿ ಭಾರತದ ಮರವನ್ನು ಹಿಂದಿರುಗಿಸಿದರು. ಮಡಗಾಸ್ಕರದ ಕರಿಮರದ ವಿಷಯದಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತಿತು. ಚಿಕ್ಕ ಕಾರ್ಖಾನೆಗೆ ಇಂಥ ಒಂದು ಪೆಟ್ಟು ಸಾಕು. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆಯಾಗಲಿ ಇಲಾಖೆಯ ಹರಾಜಿನ ಮರವಾಗಲಿ, ರಸೀತಿ ಪೆಟ್ಟಿಗೆಯಲ್ಲಿರಬೇಕು.

ಮೊದಲ ಗಿರಾಕಿ

ಮಾರಾಟದ ಪಾಠವನ್ನು ಪಾಲ್ ರೀಡ್ ಸ್ಮಿತ್ ಎಂಬಾತನಿಂದ ಕಲಿಯಬಹುದು. ಅಮೆರಿಕದ ಅನಾಪೊಲಿಸ್ ಊರಿನ ಈ ತರುಣ ಕಚೇರಿಗಳ ಹಿಂಬಾಗಿಲಲ್ಲಿ ಕಾದು ನಿಂತು, ಪ್ರಸಿದ್ಧ ವಾದಕರ ಕೈಗೆ ತನ್ನ ಗಿಟಾರು ಕೊಡುತ್ತಿದ್ದ. ಹಾಗೆ ದೊರೆತ ದೊಡ್ಡ ಗಿರಾಕಿ ಕಾರ್ಲೋಸ್ ಸಂತಾನಾ. ಬಳಿಕ ಮಾದರಿ ಗಿಟಾರುಗಳನ್ನು ಕಾರಿನಲ್ಲಿ ಹೇರಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ, ಆರ್ಡರು ಕೈಸೇರಿದ ಮೇಲೆಯೇ 1985ರಲ್ಲಿ ಕಾರ್ಖಾನೆ ತೆರೆದ. ಮೊದಲು ಕಟ್ಟಡ, ಆಮೇಲೆ ಸಾಲ, ಕೊನೆಗೆ ಗಿರಾಕಿ ಎಂಬ ನಮ್ಮ ರೂಢಿಗೆ ಇದು ತಿರುಗುಮುರುಗು.

ಶಿಕಾರಿಪುರದ ತರುಣನು ಮಾಡತಕ್ಕದ್ದೂ ಅಷ್ಟೇ. ಮೊದಲ ವರ್ಷ ನಾಲ್ಕು ಗಿಟಾರು ಸಾಕು. ಒಂದನ್ನು ಶಿವಮೊಗ್ಗದ ವಾದ್ಯಗೋಷ್ಠಿಯ ಹುಡುಗನಿಗೆ, ಒಂದನ್ನು ಬೆಂಗಳೂರಿನ ಸ್ಟುಡಿಯೋದ ವಾದಕನಿಗೆ ಕೊಟ್ಟು, ಒಂದು ಮಳೆಗಾಲ, ಒಂದು ಬೇಸಗೆ ಕಳೆಯಲಿ. ಬಾಗಿದ್ದೆಲ್ಲಿ, ಬಿರಿದದ್ದೆಲ್ಲಿ ಎಂದು ಬರೆದಿಟ್ಟುಕೊಳ್ಳಲಿ. ಗಿರಾಕಿಯ ಅಂಗೈಯಳತೆ ತೆಗೆದುಕೊಂಡು ಅದಕ್ಕೆ ತಕ್ಕಂತೆ ದಂಡಿ ಕಡೆಯಲಿ. ದೊಡ್ಡ ಕಾರ್ಖಾನೆ ಮಾಡಲಾಗದ ಕೆಲಸವೆಂದರೆ ಇದೇ. ದರ್ಜಿ ಹೊಲಿದ ಅಂಗಿಗೂ ಅಂಗಡಿಯ ಸಿದ್ಧ ಅಂಗಿಗೂ ಇರುವ ಭೇದ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ವಾದ್ಯದ ಹೆಸರೆಂದರೆ ತಲೆಯ ಮೇಲೆ ಅಂಟಿಸಿದ ಚೀಟಿಯಲ್ಲ; ಹತ್ತು ವರ್ಷದ ಮೇಲೆ ದಂಡಿ ಬಾಗಿದರೆ ನಾನಿದ್ದೇನೆ, ತನ್ನಿ ಎಂದು ಹೇಳುವ ಮಾತು. ಮರವನ್ನು ಕಾಡು ಕೊಟ್ಟಿದೆ, ಕೈಯನ್ನು ಕುಲವಿದ್ಯೆ ಕೊಟ್ಟಿದೆ. ಅಳತೆಯ ನಿಷ್ಠೆಯೊಂದನ್ನು ನಾವು ಕೂಡಿಸಿದರೆ ಸೊರಬ, ಶಿಕಾರಿಪುರಗಳ ಹೆಸರನ್ನು ಹೊತ್ತ ಗಿಟಾರೊಂದನ್ನು ದೂರದೇಶದ ವಾದಕನು ಹೆಗಲಿಗೇರಿಸಿಕೊಳ್ಳುವ ದಿನ ಬಾರದಿರಲು ಕಾರಣ ಕಾಣದು. ಅಂದು ಅವನ ಬೆರಳ ಕೆಳಗಿರುವ ಬೀಟೆಗೆ ತನ್ನ ಊರಿನ ಹೆಸರು ಇರುತ್ತದೆ.